ಅಣಬೆ ಕಾಲ: ಬುಡ ನೋಡಿ ಬುಟ್ಟಿಗೆ ಹಾಕಿ



ಜೂನ್ ತಿಂಗಳ ಮೊದಲ ಮಳೆ ಬಿದ್ದು ನಾಲ್ಕೈದು ದಿನ ಕಳೆದರೆ ಸಾಕು, ನಮ್ಮ ವಯನಾಡಿನ ಮನೆಗಳಲ್ಲಿ ಮಾತಿನ ವಿಷಯವೇ ಬದಲಾಗುತ್ತದೆ. ಕಾಫಿಯ ಬೆಲೆ, ಶುಂಠಿಯ ಕೊಳೆರೋಗ, ಆನೆಯ ಹಾವಳಿ ಎಲ್ಲ ಸ್ವಲ್ಪ ಹಿಂದೆ ಸರಿದು, “ನಿಮ್ಮ ಕಡೆ ಎದ್ದಿದೆಯಾ?” ಎಂಬ ಪ್ರಶ್ನೆ ಮುಂದೆ ಬರುತ್ತದೆ. ಏನು ಎದ್ದಿದೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮಗೆ ಅಣಬೆ, ಮಲಯಾಳ ಮಾತನಾಡುವ ನೆರೆಯವರಿಗೆ ಕೂಣ್, ಕೊಡಗಿನಿಂದ ಬಂದು ನೆಲೆಸಿದವರಿಗೆ ಕುಮ್ಮು. ಎದ್ದಿದೆ ಎಂದು ಎಲ್ಲರೂ ಹೇಳುತ್ತಾರೆ, ಎಲ್ಲಿ ಎದ್ದಿದೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಪಾಪನಿವೇದನೆಯ ಪೀಠದಲ್ಲಿ ಕೂಡ ಆ ಗುಟ್ಟು ಹೊರಬರುವುದಿಲ್ಲ!

ಕಳೆದ ವರ್ಷ ಇದೇ ದಿನಗಳಲ್ಲಿ ನಡೆದದ್ದನ್ನು ಹೇಳುತ್ತೇನೆ. ಭಾನುವಾರದ ಎರಡನೆಯ ಪೂಜೆ ಮುಗಿದ ಮೇಲೆ ನಮ್ಮವರೇ ಒಬ್ಬರು ಪ್ಲಾಸ್ಟಿಕ್ ಚೀಲದ ತುಂಬ ಬಿಳಿ ಅಣಬೆ ತಂದುಕೊಟ್ಟರು. ಬೆಳಗಿನ ಜಾವ ತೋಟದಲ್ಲಿ ಕೊಯ್ದದ್ದು, ಫಾದರ್ ತಿನ್ನಲಿ ಎಂಬ ಪ್ರೀತಿ. ಮಣ್ಣು ತಾಗದಂತೆ ಚಾಕುವಿನಿಂದ ನೆಲದ ಮಟ್ಟಕ್ಕೆ ಕತ್ತರಿಸಿ ಬಹಳ ಚೊಕ್ಕಟವಾಗಿ ತಂದಿದ್ದರು. ಅಡುಗೆಯವರು ಸಣ್ಣ ಈರುಳ್ಳಿ ಸುಲಿಯಲು ಕುಳಿತಿದ್ದರು. ಅಷ್ಟರಲ್ಲಿ ಅಂಗಳ ಗುಡಿಸಲು ಬರುವ ಕಾಟುನಾಯಕ ಜನದ ಅಜ್ಜಿ ಒಳಗೆ ಬಂದು ಮೊರದಲ್ಲಿ ಹರಡಿದ್ದ ಅಣಬೆಯನ್ನು ನೋಡಿದರು. ಒಂದೊಂದನ್ನೇ ತಿರುಗಿಸಿ ನೋಡಿ, ಕೊನೆಗೆ ಮೊರವನ್ನೇ ದೂರ ತಳ್ಳಿದರು.

“ಯಾಕಜ್ಜಿ, ಚೆನ್ನಾಗಿಲ್ಲವೇ?” ಎಂದೆ.

“ಕಾಲೆಲ್ಲಿ ಸ್ವಾಮಿ? ಕಾಲು ಕಾಣದ್ದನ್ನ ನಾನು ತಿನ್ನಲ್ಲ.”

ಅದರಲ್ಲಿ ಬಹುಪಾಲು ಒಳ್ಳೆಯದೇ ಇದ್ದಿರಬಹುದು. ಆದರೆ ಎರಡು ಕೊಡೆಗಳ ಅಡಿಯ ಎಸಳು ಉಳಿದವುಗಳಂತಿರಲಿಲ್ಲ, ಅಚ್ಚ ಬಿಳಿ. ಬುಡ ತೋಟದಲ್ಲೇ ಉಳಿದುಬಿಟ್ಟಿದ್ದರಿಂದ ಅವು ಯಾವ ಜಾತಿ ಎಂದು ಹೇಳಲು ಯಾರಿಗೂ ಆಗಲಿಲ್ಲ. ಎಲ್ಲವನ್ನೂ ಹೊಂಡಕ್ಕೆ ಹಾಕಿಸಿದೆ. ತಂದವರಿಗೆ ಸ್ವಲ್ಪ ಬೇಸರವಾಯಿತು. ಅವರಲ್ಲಿ ಕ್ಷಮೆ ಕೇಳಿದ್ದೇನೆ, ಈಗ ಮತ್ತೊಮ್ಮೆ ಕೇಳುತ್ತೇನೆ. ಆದರೆ ಅಜ್ಜಿಯ ಆ ಮಾತನ್ನು ನಿಮ್ಮೆಲ್ಲರಿಗೂ ತಲುಪಿಸಬೇಕೆಂದು ಅಂದೇ ನಿಶ್ಚಯಿಸಿದೆ.

ನಾವು ಆಸೆಪಟ್ಟು ಹುಡುಕುವುದು ಮುಖ್ಯವಾಗಿ ಹುತ್ತದ ಅಣಬೆಯನ್ನು. ಇದರ ಕಥೆ ತಿಳಿದರೆ ‘ಕಾಲು’ ಎಂದರೆ ಏನೆಂದು ತಾನಾಗಿಯೇ ಅರ್ಥವಾಗುತ್ತದೆ. ವಿಜ್ಞಾನಿಗಳು ಈ ಕುಲಕ್ಕೆ ಟರ್ಮಿಟೋಮೈಸಿಸ್ ಎನ್ನುತ್ತಾರೆ. ಗೆದ್ದಲಿನ ಶಿಲೀಂಧ್ರ ಎಂದೇ ಅದರ ಅರ್ಥ. ಈ ಹೆಸರನ್ನು ಕೊಟ್ಟವರು ಫ್ರಾನ್ಸ್ ದೇಶದ ರೋಜರ್ ಹೈಮ್, 1942ರಲ್ಲಿ. ನಮ್ಮ ದಕ್ಷಿಣ ಭಾರತದಲ್ಲಿ ಸಿಗುವ ಒಂದು ಜಾತಿಯನ್ನು 1979ರಲ್ಲಿ ವಿವರಿಸಿದ ಮದ್ರಾಸಿನ ನಟರಾಜನ್ ಅವರು ಅದಕ್ಕೆ ಹೈಮ್ ಅವರ ಹೆಸರನ್ನೇ ಇಟ್ಟರು. ಪ್ರಪಂಚದಲ್ಲಿ ಇಂಥ ಜಾತಿಗಳು ಮೂವತ್ತಕ್ಕೂ ಹೆಚ್ಚಿವೆ. ಆಫ್ರಿಕದ ಜಾಂಬಿಯಾದಲ್ಲಿ ಸಿಗುವ ಒಂದರ ಕೊಡೆ ಸುಮಾರು ಒಂದು ಮೀಟರ್ ಅಗಲ ಬರುತ್ತದಂತೆ. ಒಂದೇ ಅಣಬೆ, ಇಡೀ ಮನೆಗೆ ಸಾರು!

ಗೆದ್ದಲು ಮರದ ತುಂಡು, ಒಣ ಎಲೆ, ತೊಗಟೆ ಎಲ್ಲವನ್ನೂ ಕಚ್ಚಿ ತಿಂದು ಹುತ್ತದ ಒಳಗೆ ಒಯ್ಯುತ್ತದೆ. ಆದರೆ ಅದನ್ನು ಪೂರ್ತಿ ಅರಗಿಸುವ ಶಕ್ತಿ ಅದಕ್ಕಿಲ್ಲ. ಆದ್ದರಿಂದ ಅರೆಬರೆ ಅರಗಿದ್ದನ್ನು ಹೊರಹಾಕಿ, ಜೇನುತಟ್ಟಿಯಂತೆ ಕಟ್ಟಿ, ಅದರ ಮೇಲೆ ಈ ಶಿಲೀಂಧ್ರವನ್ನು ಬೆಳೆಸುತ್ತದೆ. ಶಿಲೀಂಧ್ರ ಗಟ್ಟಿ ನಾರನ್ನು ಮೆತ್ತಗೆ ಮಾಡಿ ಕೊಡುತ್ತದೆ. ಅದರ ಮೇಲೆ ಏಳುವ ಬಿಳಿ ಕಾಳುಗಳನ್ನು ಗೆದ್ದಲು ತಿನ್ನುತ್ತದೆ. ಮನುಷ್ಯ ನೇಗಿಲು ಹಿಡಿದು ಹತ್ತು ಹನ್ನೆರಡು ಸಾವಿರ ವರ್ಷವಾಗಿರಬಹುದು. ಈ ಪುಟ್ಟ ಹುಳು ಸುಮಾರು 3 ಕೋಟಿ ವರ್ಷಗಳಿಂದ ಬೇಸಾಯ ಮಾಡುತ್ತಿದೆ. ನಮ್ಮ ಕೃಷಿಕ ಬಂಧುಗಳು ಇದನ್ನು ಕೇಳಿ ಬೇಸರ ಮಾಡಿಕೊಳ್ಳಬಾರದು.

ಮಳೆ ಬಂದು ನೆಲ ತಣಿದಾಗ ಆ ನೆಲದೊಳಗಿನ ತೋಟದಿಂದ ಅಣಬೆ ಮೇಲಕ್ಕೆ ಹೊರಡುತ್ತದೆ. ಗಟ್ಟಿ ಮಣ್ಣನ್ನು ಸೀಳಿಕೊಂಡು ಬರಬೇಕಾದ್ದರಿಂದ ಟೊಪ್ಪಿಯ ನಡುವೆ ಮೊನೆಯಂಥ ಒಂದು ಗಟ್ಟಿ ಮೊಗ್ಗು ಇರುತ್ತದೆ. ಕೆಳಗಡೆ ಉದ್ದನೆಯ ಬೇರಿನಂಥ ಕಾಲು, ಕೆಲವೊಮ್ಮೆ ಮೊಳದುದ್ದ. ಅದು ಹೋಗಿ ಮುಟ್ಟುವುದು ಗೆದ್ದಲಿನ ಗೂಡನ್ನೇ. ಅಜ್ಜಿ ಕೇಳಿದ ಕಾಲು ಇದು.

ಗುಡುಗಿಗೆ ಅಣಬೆ ಏಳುತ್ತದೆ ಎಂದು ಹಿರಿಯರು ಹೇಳುವುದುಂಟು. ಸೆಮಿನರಿಯಲ್ಲಿದ್ದಾಗ ನಾನು ಇದನ್ನು ಮೂಢನಂಬಿಕೆ ಎಂದು ನಗುತ್ತಿದ್ದೆ. ಮುಖ್ಯ ಕಾರಣ ತೇವ ಮತ್ತು ತಂಪು ಎಂಬುದು ನಿಜವೇ. ಆದರೆ ಜಪಾನಿನ ಇವಾಟೆ ವಿಶ್ವವಿದ್ಯಾಲಯದವರು ಸಿಡಿಲಿನಂತೆ ಕ್ಷಣಮಾತ್ರದ ವಿದ್ಯುತ್ ಹಾಯಿಸಿದಾಗ ಕೆಲವು ಸಾಕು ಅಣಬೆಗಳ ಇಳುವರಿ ಹೆಚ್ಚಿತೆಂದು 2010ರ ಸುಮಾರಿಗೆ ಪ್ರಕಟಿಸಿದರು. ಅಂದಿನಿಂದ ಹಿರಿಯರ ಮಾತಿಗೆ ನಗುವುದನ್ನು ಕಡಿಮೆ ಮಾಡಿದ್ದೇನೆ.

ಮರುವಾರ ಅಜ್ಜಿಯ ಜೊತೆ ನಾನೂ ಹೋದೆ. ಅವರ ಜನ ಜೇನು, ಗೆಣಸು, ಸೊಪ್ಪು, ಅಣಬೆ ಇವುಗಳನ್ನು ತಲೆತಲಾಂತರದಿಂದ ಬಲ್ಲವರು. ಅವರ ಮಾತು ನಮ್ಮ ಕನ್ನಡಕ್ಕೆ ಒಡಹುಟ್ಟಿದಂತಿದೆ, ಅರ್ಧ ನನಗೆ ಅರ್ಥವಾಗುತ್ತದೆ, ಇನ್ನರ್ಧವನ್ನು ಅವರು ಕೈಸನ್ನೆಯಲ್ಲಿ ತಿಳಿಸುತ್ತಾರೆ. ಕಾಡಿಗೆ ಹೋಗಲಿಲ್ಲ, ತೋಟದ ಅಂಚಿನ ಹಳೆಯ ಹುತ್ತಕ್ಕೆ ಹೋದೆವು. ಮೊದಲು ಅವರು ಒಂದೇ ಒಂದು ಅಣಬೆಯ ಸುತ್ತ ಕೋಲಿನಿಂದ ಗೇಣುದ್ದ ಮಣ್ಣು ಬಿಡಿಸಿದರು. ಕಾಲು ತೆಳ್ಳಗಾಗುತ್ತ ಕೆಳಗೆ ಕೆಳಗೆ ಇಳಿದಿತ್ತು. ಬುಡದಲ್ಲಿ ಚೀಲವಿಲ್ಲ. ಎಸಳು ಕಾಲಿಗೆ ಅಂಟಿಕೊಂಡಿಲ್ಲ. ಅರಳಿ ಹಳತಾದ ಕೊಡೆಯ ಎಸಳು ನಸುಗೆಂಪಿಗೆ ತಿರುಗಿತ್ತು. ಇದೆಲ್ಲ ನೋಡಿದ ಮೇಲೆ ಉಳಿದವನ್ನು ಎರಡು ಬೆರಳಲ್ಲಿ ಹಿಡಿದು, ಸ್ವಲ್ಪ ತಿರುಚಿ, ಹುತ್ತಕ್ಕೆ ನೋವಾಗದಂತೆ ಎಳೆದರು. ತೀರಾ ಮೊಗ್ಗು ಮತ್ತು ಪೂರ್ತಿ ಬಿರಿದದ್ದನ್ನು ಮುಟ್ಟಲಿಲ್ಲ. “ಅದು ಇರಲಿ ಸ್ವಾಮಿ, ಮುಂದಿನ ವರ್ಷಕ್ಕೆ ದಾರಿ ಬೇಕಲ್ಲ” ಎಂದರು.

ಅಲ್ಲೇ ಹತ್ತಿರ ನೆಲದ ಮೇಲೆ ನುಚ್ಚಕ್ಕಿ ಚೆಲ್ಲಿದಂತೆ ನೂರಾರು ಪುಟ್ಟ ಅಣಬೆ ಎದ್ದಿದ್ದವು. ಮಲಯಾಳದಲ್ಲಿ ಅರಿಕ್ಕೂಣ್ ಎನ್ನುವುದು, ಕೊಡಗಿನವರು ನುಚ್ಚಿ ಕುಮ್ಮು ಎನ್ನುವುದು ಇದನ್ನೇ. ಇದೂ ಗೆದ್ದಲಿನದ್ದೇ, ಆದರೆ ಗೆದ್ದಲು ಹೊರಗೆ ತಂದು ಹಾಕಿದ ಚೂರುಗಳಿಂದ ಏಳುವುದರಿಂದ ಉದ್ದನೆಯ ಕಾಲಿರುವುದಿಲ್ಲ. ಹಾಗಾದರೆ ಇದನ್ನು ಗುರುತಿಸುವುದು ಹೇಗೆ? ಅಜ್ಜಿಗೆ ಗೊತ್ತು, ನನಗೆ ಗೊತ್ತಾಗಲಿಲ್ಲ. ಆದ್ದರಿಂದ ನಾನು ಅದನ್ನು ಕೀಳುವುದಿಲ್ಲ. ಚಿಕ್ಕ ಅಣಬೆಗಳಲ್ಲಿ ಕೆಟ್ಟವೂ ಬಹಳ ಇವೆ. ಬಲ್ಲವರು ಜೊತೆಗಿಲ್ಲದಿದ್ದರೆ ನೀವೂ ಬಿಟ್ಟುಬಿಡಿ.

ಈಗ ಕೆಟ್ಟವುಗಳ ವಿಚಾರ. ನಮ್ಮ ಹುಲ್ಲುಗಾವಲು, ಶಾಲೆಯ ಮೈದಾನ, ಹಟ್ಟಿಯ ಹತ್ತಿರ ದೊಡ್ಡ ಬಿಳಿ ಕೊಡೆಯ ಮೇಲೆ ಕಂದು ಹೊಪ್ಪಳಿಕೆ ಇರುವ ಒಂದು ಅಣಬೆ ಏಳುತ್ತದೆ. ನೋಡಲು ಬಹಳ ಚಂದ. ಬಲಿತಾಗ ಎಸಳು ಹಸಿರು ಛಾಯೆಗೆ ತಿರುಗುತ್ತದೆ. ತಿಂದರೆ ಸಾಮಾನ್ಯವಾಗಿ ಎರಡು ಮೂರು ಗಂಟೆಯೊಳಗೆ ವಾಂತಿ, ಭೇದಿ, ಹೊಟ್ಟೆ ಹಿಂಡುವ ನೋವು. ಸಕಾಲಕ್ಕೆ ಆಸ್ಪತ್ರೆಗೆ ಹೋಗಿ ಗ್ಲೂಕೋಸ್ ಹಾಕಿಸಿಕೊಂಡವರು ಹೆಚ್ಚಾಗಿ ಗುಣವಾಗುತ್ತಾರೆ. ಮಕ್ಕಳಿಗೆ ಅಪಾಯ ಹೆಚ್ಚು.

ನಿಜವಾದ ಮೃತ್ಯು ಇರುವುದು ಅಮನಿಟಾ ಎಂಬ ಕುಲದಲ್ಲಿ. ಈ ಕುಲದ ಅನೇಕ ಜಾತಿಗಳು ಪಶ್ಚಿಮ ಘಟ್ಟದಲ್ಲೂ ಇವೆ. ಎಲ್ಲವೂ ಪ್ರಾಣ ತೆಗೆಯುವಂಥವಲ್ಲ, ಆದರೆ ತೆಗೆಯುವಂಥವು ತೆಗೆದೇ ತೆಗೆಯುತ್ತವೆ. ಇವುಗಳ ಎಸಳು ಬಲಿತ ಮೇಲೂ ಹೆಚ್ಚಾಗಿ ಬಿಳಿಯಾಗಿಯೇ ಇರುತ್ತದೆ. ಕಾಲಿನ ಮೇಲ್ಭಾಗದಲ್ಲಿ ಬಳೆಯಂಥ ಪದರ. ಬುಡದಲ್ಲಿ, ಮಣ್ಣಿನೊಳಗೆ, ಒಡೆದ ಮೊಟ್ಟೆಯ ಚಿಪ್ಪಿನಂಥ ಒಂದು ಚೀಲ. ಬಳೆಯನ್ನು ನೋಡಿ ತೀರ್ಮಾನಿಸುವಂತಿಲ್ಲ, ಏಕೆಂದರೆ ಹುತ್ತದ ಅಣಬೆಯ ಕೆಲವು ಜಾತಿಗೂ ಬಳೆ ಇದೆ. ಆ ಚೀಲವೇ ಮುಖ್ಯ ಸಾಕ್ಷಿ. ಚಾಕುವಿನಿಂದ ನೆಲದ ಮಟ್ಟಕ್ಕೆ ಕತ್ತರಿಸಿದರೆ ಆ ಸಾಕ್ಷಿಯನ್ನೇ ಮಣ್ಣಿನಲ್ಲಿ ಬಿಟ್ಟು ಬಂದಂತೆ.

ಪ್ರೇಷಿತರ ಕಾರ್ಯಕಲಾಪಗಳಲ್ಲಿ ಹೆಸರು ಬರುವ ರೋಮಿನ ಚಕ್ರವರ್ತಿ ಕ್ಲೌಡಿಯಸ್ ಕ್ರಿ.ಶ. 54ರಲ್ಲಿ ಸತ್ತದ್ದು ಹೆಂಡತಿ ತಿನ್ನಿಸಿದ ಅಣಬೆಯಿಂದ ಎಂದು ಪ್ರಾಚೀನ ಇತಿಹಾಸಕಾರರು ಬರೆದಿದ್ದಾರೆ. ಅಷ್ಟು ಹಿಂದೆ ಹೋಗಬೇಕಾಗಿಲ್ಲ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡು ಅಣಬೆ ತಿಂದು ಕೆಲವೇ ದಿನಗಳಲ್ಲಿ 13 ಮಂದಿ ತೀರಿಕೊಂಡರು. ಹೆಚ್ಚಿನವರು ಚಹಾ ತೋಟದ ಕೂಲಿಯವರ ಕುಟುಂಬದವರು. ಅವರೂ ನಮ್ಮಂತೆಯೇ ಮಳೆ ಬಿದ್ದ ಮೇಲೆ ತೋಟದ ಅಂಚಿಗೆ ಹೋದವರು.

ಈ ವಿಷದ ಕ್ರೂರತನ ಅದು ತಡವಾಗಿ ಬರುವುದರಲ್ಲಿದೆ. ತಿಂದ ಆರು ಗಂಟೆಯಿಂದ ಒಂದು ದಿನದವರೆಗೆ ಏನೂ ಇರುವುದಿಲ್ಲ. ಆಮೇಲೆ ನೀರಿನಂಥ ಭೇದಿ, ವಾಂತಿ. ಒಂದು ದಿನ ಹೀಗೆ ನರಳಿದ ಮೇಲೆ ರೋಗಿ ಚೇತರಿಸಿಕೊಂಡಂತೆ ಕಾಣುತ್ತಾನೆ, ಗಂಜಿ ಕೇಳುತ್ತಾನೆ. ಆ ಹೊತ್ತಿನಲ್ಲೇ ಒಳಗೆ ವಿಷವು ಯಕೃತ್ತಿನ ಜೀವಕೋಶಗಳ ಕೆಲಸವನ್ನು ನಿಲ್ಲಿಸುತ್ತಿರುತ್ತದೆ. ಮೂರನೆಯ ಅಥವಾ ನಾಲ್ಕನೆಯ ದಿನ ಕಣ್ಣು ಹಳದಿ.

ನಾನು ಗುರುದೀಕ್ಷೆ ಪಡೆದ ಹೊಸತರಲ್ಲಿ, 1999ರ ಮಳೆಗಾಲದಲ್ಲಿ, ಬೇರೊಂದು ಧರ್ಮಕೇಂದ್ರದಲ್ಲಿದ್ದೆ. ಅಲ್ಲಿ ಒಂದು ಕೂಲಿ ಕುಟುಂಬದ ಮೂವರು ಅಣಬೆ ತಿಂದು ಆಸ್ಪತ್ರೆ ಸೇರಿದ್ದರು. ಎರಡನೆಯ ದಿನ ನಾನು ನೋಡಲು ಹೋದಾಗ ಒಂಬತ್ತು ವರ್ಷದ ಹುಡುಗ ಹಾಸಿಗೆಯ ಮೇಲೆ ಕುಳಿತು ಬಿಸ್ಕೆಟ್ ತಿನ್ನುತ್ತಿದ್ದ. ತಂದೆಗೆ ಕೂಲಿ ತಪ್ಪುವ ಚಿಂತೆ, ಆಸ್ಪತ್ರೆಯ ಖರ್ಚಿನ ಚಿಂತೆ. “ಕರೆದುಕೊಂಡು ಹೋಗಬಹುದಾ ಫಾದರ್?” ಎಂದು ನನ್ನನ್ನು ಕೇಳಿದರು. ಹುಡುಗನನ್ನು ನೋಡಿ ನಾನು, “ಗುಣವಾಗಿದ್ದಾನಲ್ಲ, ಕರೆದುಕೊಂಡು ಹೋಗಿ” ಎಂದೆ. ವೈದ್ಯರನ್ನು ಕೇಳಿ ಎನ್ನಬೇಕಿತ್ತು, ಎನ್ನಲಿಲ್ಲ. ಅವರು ಹೇಳದೆ ಕೇಳದೆ ಮನೆಗೆ ಹೊರಟರು. ಐದನೆಯ ದಿನ ಆ ಹುಡುಗನ ಮಣ್ಣಿಗೆ ಪ್ರಾರ್ಥನೆ ಹೇಳಿದವನೂ ನಾನೇ. ಆಸ್ಪತ್ರೆಯಲ್ಲಿ ಇದ್ದಿದ್ದರೆ ಉಳಿಯುತ್ತಿದ್ದನೋ ಇಲ್ಲವೋ ದೇವರೇ ಬಲ್ಲ. ಈ ಅಂಕಣದಲ್ಲಿ ಇಷ್ಟು ವರ್ಷ ಗೊಬ್ಬರ, ಔಷಧಿ ಎಂದು ಏನೇನೋ ಬರೆದೆ, ಇದನ್ನು ಬರೆಯಲು ಮಾತ್ರ ಕೈ ಬಂದಿರಲಿಲ್ಲ.

ಆದ್ದರಿಂದ ದಯವಿಟ್ಟು ಗಮನಿಸಿ. ಅಣಬೆ ತಿಂದ ಮೇಲೆ ಯಾರಿಗೇ ವಾಂತಿ ಭೇದಿ ಶುರುವಾದರೂ ಮನೆಮದ್ದು ಮಾಡುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ ಇಲ್ಲವೇ ಸಿಕ್ಕ ವಾಹನದಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಿ. ಮಾನಂತವಾಡಿಯ ಜಿಲ್ಲಾ ಆಸ್ಪತ್ರೆ 2021ರಿಂದ ಸರಕಾರಿ ವೈದ್ಯಕೀಯ ಕಾಲೇಜಾಗಿದೆ. ಆ ಊಟ ಮಾಡಿದ ಎಲ್ಲರೂ ಹೋಗಬೇಕು, ಏನೂ ಆಗದೆ ಆರಾಮವಾಗಿರುವವರೂ. ಉಳಿದ ಹಸಿ ಅಣಬೆ, ಸಿಪ್ಪೆ, ಪಾತ್ರೆಯಲ್ಲಿ ಮಿಕ್ಕ ಪಲ್ಯ ಏನಿದ್ದರೂ ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ಯಿರಿ. ಯಾವಾಗ ತಿಂದಿರಿ, ಯಾವಾಗ ವಾಂತಿ ಶುರುವಾಯಿತು ಎಂದು ಗಂಟೆ ಸಮೇತ ಹೇಳಿ. ವೈದ್ಯರಿಗೆ ಈ ಲೆಕ್ಕ ಬಹಳ ಮುಖ್ಯ. ತಡವಾಗಿ ಶುರುವಾದಷ್ಟೂ ಭಯ ಹೆಚ್ಚು. ಮತ್ತೆ, ವೈದ್ಯರು ಕಳಿಸುವವರೆಗೆ ಯಾರ ಮಾತು ಕೇಳಿಯೂ ಮನೆಗೆ ಬರಬೇಡಿ, ಗುರುಗಳ ಮಾತು ಕೇಳಿಯೂ.

ನಮ್ಮಲ್ಲಿ ಕೆಲವು ಪರೀಕ್ಷೆಗಳು ಬಳಕೆಯಲ್ಲಿವೆ. ಬೆಳ್ಳಿ ನಾಣ್ಯ ಹಾಕಿ ಬೇಯಿಸಿದರೆ ಕಪ್ಪಾಗುತ್ತದೆ, ಬೆಳ್ಳುಳ್ಳಿ ಬಣ್ಣ ಬದಲಿಸುತ್ತದೆ, ಅಕ್ಕಿ ಕೆಂಪಾಗುತ್ತದೆ, ಅರಿಶಿನ ಹಾಕಿದರೆ ವಿಷ ಇಳಿಯುತ್ತದೆ ಎಂದೆಲ್ಲ. ಇವುಗಳಲ್ಲಿ ಒಂದೂ ನಂಬಲು ಯೋಗ್ಯವಲ್ಲ. ಅರಿಶಿನ ರುಚಿಗೆ ಒಳ್ಳೆಯದು, ಅಷ್ಟೇ. ಹುಳ ಬಿದ್ದಿದೆ, ಬಸವನಹುಳು ಕಚ್ಚಿದೆ, ಅಳಿಲು ತಿಂದಿದೆ, ಹಾಗಾದರೆ ವಿಷವಿಲ್ಲ ಎನ್ನುವವರಿದ್ದಾರೆ. ನಮ್ಮ ಪ್ರಾಣ ತೆಗೆಯುವ ಅಣಬೆಯನ್ನು ಬಸವನಹುಳು ತಿಂದು ಹಾಯಾಗಿರಬಲ್ಲದು. ಅಮನಿಟಾದ ವಿಷ ಕುದಿಸಿದರೆ, ಒಣಗಿಸಿದರೆ, ಉಪ್ಪಿನಲ್ಲಿಟ್ಟರೆ ಹೋಗುವುದಿಲ್ಲ. ಒಂದೇ ಕೊಡೆ ಇಡೀ ಪಾತ್ರೆಯ ಪಲ್ಯವನ್ನು ಕೆಡಿಸೀತು.

ಮನೆಯಲ್ಲಿ ಮಾಡಬಹುದಾದ ಒಂದು ಪರೀಕ್ಷೆ ಇದೆ, ಮಕ್ಕಳಿಗೂ ಇಷ್ಟವಾಗುತ್ತದೆ. ಅರಳಿದ ಒಂದು ಕೊಡೆಯನ್ನು ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಎಸಳು ಕೆಳಗಾಗಿ ಇಟ್ಟು, ಪಾತ್ರೆ ಮುಚ್ಚಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ಕಾಗದದ ಮೇಲೆ ಪುಡಿಯ ಅಚ್ಚು ಬಿದ್ದಿರುತ್ತದೆ. ಹುತ್ತದ ಅಣಬೆಯದು ನಸುಗೆಂಪು, ಅಮನಿಟಾದ್ದು ಬಿಳಿ, ಹುಲ್ಲುಗಾವಲಿನ ಆ ಕೊಡೆಯದು ಹಸಿರು. ಆದರೆ ನಸುಗೆಂಪು ಪುಡಿಯ ಬೇರೆ ಕೆಟ್ಟ ಅಣಬೆಗಳೂ ಇವೆ. ಬಿಳಿ, ಹಸಿರು ಬಿದ್ದರೆ ಬೇಡ ಎನ್ನಲು ಇದು ಸಾಕು, ನಸುಗೆಂಪು ಬಿದ್ದ ಮಾತ್ರಕ್ಕೆ ತಿನ್ನು ಎನ್ನಲು ಸಾಲದು.

ಒಳ್ಳೆಯದೇ ಆದರೂ ಶುಂಠಿ ಹೊಲಕ್ಕೆ, ಬಾಳೆಗೆ ಕೀಟನಾಶಕ ಹೊಡೆದ ಕಡೆ ಎದ್ದದ್ದು, ಹೆದ್ದಾರಿಯ ಬದಿಯದು ಬೇಡ. ಸೀಸದಂಥ ಲೋಹಗಳನ್ನೂ ವಿಷಗಳನ್ನೂ ಅಣಬೆ ಹೀರಿಕೊಳ್ಳುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ತುಂಬಬೇಡಿ, ಬೆವರಿ ಹಳಸುತ್ತದೆ. ಬುಟ್ಟಿ ಅಥವಾ ಬಾಳೆಎಲೆಯೇ ಸರಿ. ಅಂದು ಕಿತ್ತದ್ದು ಅಂದೇ ಒಲೆಗೆ. ಹಸಿಯಾಗಿ ತಿನ್ನಬಾರದು. ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ, ಉಳಿದದ್ದರಲ್ಲಿ ಒಳ್ಳೆಯ ಸಸಾರಜನಕ ಇದೆ. ಕರ್ಕಾಟಕ ಮಾಸದಲ್ಲಿ ಕೂಲಿಯೂ ಇಲ್ಲ, ಕಣಜವೂ ಖಾಲಿ ಎಂಬ ದಿನಗಳಲ್ಲಿ ಪಣಿಯರ, ಕಾಟುನಾಯಕರ ಗುಡಿಸಲುಗಳನ್ನು ಸಾಕಿದ್ದು ಇದೇ. ನಮ್ಮ ಹಿರಿಯರು ತಿರುವಾಂಕೂರಿನಿಂದಲೋ ಹೆಗ್ಗಡದೇವನಕೋಟೆಯಿಂದಲೋ ಬಂದು ಇಲ್ಲಿ ಕಾಡು ಕಡಿದಾಗ, ಯಾವುದು ತಿನ್ನಬಹುದು ಎಂದು ತೋರಿಸಿಕೊಟ್ಟವರೂ ಅವರೇ. ನಮ್ಮ ಜೈನ ನೆರೆಯವರು ಮಾತ್ರ ಅಣಬೆ ಮುಟ್ಟುವುದಿಲ್ಲ. ಅವರಲ್ಲಿ ಇಂಥ ಅನಾಹುತದ ಸುದ್ದಿಯೂ ಇಲ್ಲ!

ಇನ್ನೊಂದು ವಿಷಯ ಕೃಷಿಕರಿಗೆ. ಹುತ್ತ ಕಂಡ ಕೂಡಲೇ ಕ್ಲೋರ್‌ಪೈರಿಫಾಸ್ ಸುರಿಯುವುದು, ಶುಂಠಿಗೆಂದು ಯಂತ್ರ ತಂದು ಇಡೀ ಹುತ್ತವನ್ನೇ ನೆಲಸಮ ಮಾಡುವುದು ಈಗ ರೂಢಿಯಾಗಿದೆ. ಎಳೆಯ ತೆಂಗಿನ ಸಸಿಗೆ ಗೆದ್ದಲು ಹಾನಿ ಮಾಡುತ್ತದೆ, ನಿಜ. ಆದರೆ ದೊಡ್ಡ ಮರದ ತೊಗಟೆಯ ಮೇಲೆ ಕಾಣುವ ಮಣ್ಣಿನ ಗೆರೆಗೆಲ್ಲ ಹೆದರಬೇಕಾಗಿಲ್ಲ, ಅಲ್ಲಿ ಅದು ಹೆಚ್ಚಾಗಿ ತಿನ್ನುವುದು ಸತ್ತ ತೊಗಟೆಯನ್ನು. ಗೆದ್ದಲು ಸತ್ತರೆ ಅಣಬೆಯೂ ಮುಗಿಯಿತು. ಗೆದ್ದಲಿಲ್ಲದೆ ಈ ಅಣಬೆಯನ್ನು ಚೀಲದಲ್ಲಿ ಬೆಳೆಸಲು ಬರುವುದಿಲ್ಲ. ಗೋವೆಯಲ್ಲಿ ಮಳೆಗಾಲದ ಪೇಟೆಗೆಂದು ಹುತ್ತದ ಅಣಬೆಯನ್ನು ಮಿತಿಮೀರಿ ಕೀಳುವುದರ ವಿರುದ್ಧ ಅಲ್ಲಿನ ವಿಶ್ವವಿದ್ಯಾಲಯದ ಡಾ. ನಂದಕುಮಾರ್ ಕಾಮತ್ ಬಹಳ ಹಿಂದಿನಿಂದ ಎಚ್ಚರಿಸುತ್ತ ಬಂದಿದ್ದಾರೆ. ತೋಟದ ಮೂಲೆಯಲ್ಲಿ ಒಂದೆರಡು ಹುತ್ತ ಇದ್ದರೆ ನಿಮಗೇನೂ ನಷ್ಟವಿಲ್ಲ.

ಅಭಯಾರಣ್ಯದ ಒಳಗೆ ಅಣಬೆಗೆಂದು ಹೋಗಲೇಬೇಡಿ. ತೋಲ್ಪೆಟ್ಟಿ, ಮುತ್ತಂಗ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಅಣಬೆ ಹುಡುಕುವ ಬೆಳಗಿನ ಜಾವವೇ ಆನೆ ತೋಟದಿಂದ ಕಾಡಿಗೆ ಮರಳುವ ಹೊತ್ತು, ಮತ್ತು ಅಣಬೆ ಹುಡುಕುವವನ ಕಣ್ಣು ಯಾವಾಗಲೂ ನೆಲದ ಮೇಲಿರುತ್ತದೆ. ಗುರುತು ಹಿಡಿಯುವ ತಾಪತ್ರಯವೇ ಬೇಡ ಎನ್ನುವವರು ಹುಲ್ಲಿನ ಚೀಲದಲ್ಲಿ ಸಿಂಪಿ ಅಣಬೆ ಬೆಳೆಯಬಹುದು. ಅಂಬಲವಯಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಅಜ್ಜಿಗೆ ಈಗ ಕಣ್ಣು ಸ್ವಲ್ಪ ಮಂಜು. ಅವರ ಮೊಮ್ಮಕ್ಕಳು ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾರೆ. ಅದು ಸಂತೋಷವೇ, ಆದರೆ ಅಣಬೆಯ ಕಾಲು ನೋಡಲು ಅವರಿಗೆ ಬಿಡುವಿಲ್ಲ. ನಮ್ಮ ಮಕ್ಕಳಿಗೂ ಇಲ್ಲ. ಬರುವ ಭಾನುವಾರ ಎರಡನೆಯ ಪೂಜೆಯ ನಂತರ ದೇವಾಲಯದ ಹಿಂದಿನ ಜಗಲಿಯಲ್ಲಿ ಅಜ್ಜಿ ಕುಳಿತಿರಲು ಒಪ್ಪಿದ್ದಾರೆ. ಕಾಲಕ್ಕೆ ತಕ್ಕ ಸಂಭಾವನೆಯನ್ನು ಧರ್ಮಕೇಂದ್ರದಿಂದ ಕೊಡುತ್ತೇವೆ. ನಿಮ್ಮ ತೋಟದಲ್ಲಿ ಎದ್ದದ್ದನ್ನು ಬುಡ ಸಮೇತ, ಮಣ್ಣು ತೊಳೆಯದೆ, ಬೇರೆ ಬೇರೆ ಎಲೆಯಲ್ಲಿ ಸುತ್ತಿ ತನ್ನಿ. ಮಕ್ಕಳನ್ನೂ ಕರೆತನ್ನಿ. ಎಲ್ಲಿ ಸಿಕ್ಕಿತು ಎಂದು ಯಾರೂ ಕೇಳುವುದಿಲ್ಲ.